ಹೊರಗಿನ ಎಲೆ

ಮಹಾಲಯ ಅಮಾವಾಸ್ಯೆಯನ್ನು ನಮ್ಮ ಕಡೆ ಪಕ್ಷದ ಹಬ್ಬ ಅನ್ನುತ್ತಾರೆ. ಸತ್ತ ಹಿರಿಯರು ಆ ದಿನ ಮನೆಗೆ ಊಟಕ್ಕೆ ಬರುತ್ತಾರೆ ಅನ್ನುವುದು ನಂಬಿಕೆ. ನಡುಮನೆಯಲ್ಲಿ ಕಳಶ ಇಟ್ಟು, ಹೊಸ ಬಟ್ಟೆ ಇಟ್ಟು, ಬಾಳೆಲೆ ಹಾಸಿ, ಬದುಕಿದ್ದಾಗ ಯಾರಿಗೆ ಏನು ಇಷ್ಟವೋ ಅದನ್ನೆಲ್ಲ ಬಡಿಸಿ, ಬಾಗಿಲು ಮುಂದೆ ಮಾಡಿಕೊಂಡು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ನಮ್ಮಪ್ಪನಿಗೆ ನಾಟಿಕೋಳಿ ಸಾರು, ತಾತನಿಗೆ ಒಂದು ಲೋಟ ಹೆಂಡ, ಅಜ್ಜಿಗೆ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು. ಸತ್ತವರ ಚಪಲವನ್ನು ಇಷ್ಟು ಚೆನ್ನಾಗಿ ನೆನಪಿಟ್ಟುಕೊಳ್ಳುವ ನಮ್ಮ ಜನ ಬದುಕಿರುವವರನ್ನು ನಿನಗೇನು ಬೇಕಪ್ಪಾ ಅಂತ ಒಂದು ದಿನವೂ ಕೇಳುವುದಿಲ್ಲ. ಅದು ಬೇರೆ ಮಾತು.

ಆ ಹಬ್ಬದಲ್ಲಿ ನಮ್ಮ ಮನೆಯ ಒಂದು ಎಲೆ ಮಾತ್ರ ಹೊರಗೆ ಬೀಳುತ್ತಿತ್ತು. ಹಿತ್ತಿಲ ಬಾಗಿಲಾಚೆ, ದನಗಳು ನೀರು ಕುಡಿಯುವ ಕಲ್ಲುಬಾನಿಯ ಪಕ್ಕದಲ್ಲಿ. ಅದು ನಮ್ಮಣ್ಣನ ಎಲೆ.

ಅಣ್ಣ ಸಿಲೋನಿನಲ್ಲಿ ಸತ್ತಿದ್ದ. ನನಗಿಂತ ಏಳೆಂಟು ವರ್ಷ ದೊಡ್ಡವನು. ಬೆಂಗಳೂರು ದಂಡಿನಲ್ಲಿ ಲಾರಿ ಓಡಿಸುವುದು ಕಲಿತು ಬಂದಿದ್ದ. ಅಪ್ಪ ಅವನಿಗೆ ನಮ್ಮಕ್ಕನ ಮಗಳನ್ನು ತರುವುದು ಅಂತ ಮಾತು ಕೊಟ್ಟು, ವೀಳ್ಯ ಬದಲಾಯಿಸಿಕೊಂಡೇ ಮನೆಗೆ ಬಂದರು. ಗಂಡನ್ನು ಕೇಳಬೇಕು ಅನ್ನುವ ಪದ್ಧತಿ ನಮ್ಮಲ್ಲಿರಲಿಲ್ಲ. ಅಣ್ಣ ಒಲ್ಲೆ ಅಂದ. ನಾನು ಎತ್ತಿ ಆಡಿಸಿದ ಕೂಸು ಅದು, ಅದಕ್ಕೆ ತಾಳಿ ಕಟ್ಟಲಾ ಅಂದ. ಮಾತಿಗೆ ಮಾತು ಬೆಳೆದು ಅಪ್ಪ ಬಾರುಕೋಲು ತೆಗೆದರು. ಊರಿಗೇ ಒಂದು ದಾರಿಯಾದರೆ ಇವನಿಗೇ ಒಂದು ದಾರಿ ಅಂತ ಅವರು ಬೈಯುತ್ತಿರುವಾಗಲೇ ಅವನು ದೇವನಗೊಂದಿಯಲ್ಲಿ ರೈಲು ಹತ್ತಿದ. ಮದ್ರಾಸಿನಲ್ಲಿ ಇದ್ದಾನೆ ಅಂತ ಒಂದು ಸುದ್ದಿ, ಸಿಲೋನಿನ ಟೀ ತೋಟದಲ್ಲಿ ಲಾರಿ ಓಡಿಸುತ್ತಾನೆ ಅಂತ ಇನ್ನೊಂದು ಸುದ್ದಿ. ಅಷ್ಟರಲ್ಲಿ ಅಪ್ಪ ತೀರಿಕೊಂಡರು. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ ತೋಟದಿಂದ ತಮಿಳಿನಲ್ಲಿ ಒಂದು ಕಾಗದ ಬಂತು. ಹೊಸಕೋಟೆ ಸಂತೆಯಲ್ಲಿ ಬಟ್ಟೆ ಮಾರುವವನ ಹತ್ತಿರ ಓದಿಸಿದೆವು. ಜ್ವರ ಬಂದು ಸತ್ತ, ಇಲ್ಲೇ ಮಣ್ಣು ಮಾಡಿದ್ದೇವೆ ಅಂತ ಇತ್ತು.

ಅವನ ಎಲೆ ಯಾಕೆ ಹೊರಗೆ ಅಂದರೆ, ಅವನು ಮದುವೆಯಾಗದೆ ಸತ್ತವನು. ಮದುವೆಯಾಗದೆ ಸತ್ತ ಗಂಡಿಗೆ ನಮ್ಮಲ್ಲಿ ಹೂಳುವ ಮುಂಚೆ ಎಕ್ಕದ ಗಿಡದ ಜೊತೆ ಮದುವೆ ಮಾಡುತ್ತಾರೆ. ಅರಿಶಿನದ ಕೊಂಬಿನ ದಾರವನ್ನು ಅವನ ಹೆಸರಿನಲ್ಲಿ ಗಿಡಕ್ಕೆ ಕಟ್ಟಿ, ಆಮೇಲೆ ಆ ಗಿಡವನ್ನು ಕುಡುಗೋಲಿನಿಂದ ಕಡಿದು ಅವನ ಜೊತೆಗೇ ಗುಂಡಿಗೆ ಹಾಕುತ್ತಾರೆ. ಹಾಗೆ ಮಾಡದಿದ್ದರೆ ಅವನು ಹಿರಿಯರ ಸಾಲಿಗೆ ಸೇರುವುದಿಲ್ಲ, ಒಂಟಿ ಪ್ರೇತವಾಗಿ ಮನೆಯ ಸುತ್ತ ತಿರುಗುತ್ತಾನೆ. ಒಂಟಿಯಾದವನಿಗೆ ಒಳಗೆ ಎಲೆ ಹಾಕುವ ಹಾಗಿಲ್ಲ. ಇಲ್ಲಿಂದಲೇ ಆ ಶಾಸ್ತ್ರ ಮಾಡಿಬಿಡೋಣ ಅಂತ ಅವ್ವ ಊರಿನ ಯಜಮಾನರನ್ನು ಕೇಳಿದಳು. ಗಂಡಿಲ್ಲದೆ ಯಾವ ಮದುವೆ ತಾಯಿ ಅಂದರು ಅವರು.

ಅವ್ವ ಅಳುವ ಹೆಂಗಸಲ್ಲ. ಅಪ್ಪ ಸತ್ತಾಗಲೂ ಬಂದವರಿಗೆಲ್ಲ ಅನ್ನ ಬೇಯಿಸಲು ಹೇಳಿ, ಮೂಲೆಯಲ್ಲಿ ಕೂತಿದ್ದಳು. ಆದರೆ ಪಕ್ಷದ ಹಬ್ಬದಲ್ಲಿ ಆ ಹೊರಗಿನ ಎಲೆಗೆ ಹುರುಳಿಕಾಳಿನ ಬಸ್ಸಾರು ಮುದ್ದೆ ಬಡಿಸಿ ಬಂದಮೇಲೆ ಅವಳು ಊಟ ಮಾಡುತ್ತಿರಲಿಲ್ಲ.

"ಅವರಪ್ಪ ಒಳಗೆ ಉಣ್ತಾನೆ. ನನ್ನ ಮಗ ಬಾನಿ ಪಕ್ಕ ಕೂತು ಉಣ್ತಾನೆ ಕಣ್ರೋ, ನಾಯಿ ಹಂಗೆ" ಅಂದಳು ಒಂದು ಸಲ.

ಈ ಮಾತು ನಮ್ಮ ಚಿಕ್ಕಪ್ಪನಿಗೆ ನಾಟಿತು. ಚಿಕ್ಕಪ್ಪ ಅಂದರೆ ಅಪ್ಪನ ತಮ್ಮ. ಅಪ್ಪ ಹೋದಮೇಲೆ ಮನೆಯ ಯಜಮಾನಿಕೆ ಅವನದು. ಅಣ್ಣನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ನನ್ನನ್ನು ಹೊರಲಿಲ್ಲ, ಅಷ್ಟು ಹೊತ್ತಿಗೆ ಅವನಿಗೆ ಸೊಂಟನೋವು ಬಂದಿತ್ತು. ಹಟಮಾರಿ, ಮಾತು ಕಡಿಮೆ. ಎತ್ತು ತರಲು ತಮಿಳು ಸೀಮೆಯ ಜಾತ್ರೆಗಳಿಗೆಲ್ಲ ತಿರುಗಿ ತಮಿಳು ಚೆನ್ನಾಗಿ ಬರುತ್ತಿತ್ತು.

"ಯುದ್ಧ ಮುಗೀಲಿ ಅತ್ಗೆ. ನಾನೇ ಹೋಗಿ ಅವನ್ನ ತಂದ್ಬಿಡ್ತೀನಿ" ಅಂದ.

ಯುದ್ಧ ಮುಗಿಯಿತು. ಮರುವರ್ಷ ಸುಗ್ಗಿ ಮುಗಿಸಿಕೊಂಡು ಚಿಕ್ಕಪ್ಪನೂ ನಾನೂ ಹೊರಟೆವು. ನನಗೆ ಆಗ ಇಪ್ಪತ್ತು ದಾಟಿತ್ತು. ನನ್ನನ್ನು ಯಾಕೆ ಕರೆದುಕೊಂಡು ಹೋದ ಅಂದರೆ ಮೂಳೆ ಆರಿಸುವುದಕ್ಕೆ ಒಡಹುಟ್ಟಿದವನ ಕೈ ಬೇಕು. ಅವ್ವ ಒಂದು ಹೊಸ ಬಿಳಿ ಬಟ್ಟೆ, ಒಂದು ಪೊಟ್ಟಣ ಅರಿಶಿನ, ದಾರಿಗೆ ಅಂತ ಹುರಿಹಿಟ್ಟು ಕಟ್ಟಿಕೊಟ್ಟಳು. ದೇವನಗೊಂದಿ ಸ್ಟೇಷನ್ನಿನವರೆಗೂ ಗಾಡಿಯ ಹಿಂದೆ ನಡೆದು ಬಂದಳು. ಗಾಡಿಯಲ್ಲಿ ಕೂತ್ಕೋ ಅಂದರೆ ಕೂರಲಿಲ್ಲ.

ದಾರಿಯ ಬಗ್ಗೆ ಹೇಳುವಂಥದ್ದು ಏನಿಲ್ಲ. ರೈಲು ಬದಲಾಯಿಸಿ ಬದಲಾಯಿಸಿ ಸೊಂಟ ಮುರಿಯಿತು. ಸಮುದ್ರ ದಾಟುವ ಮುಂಚೆ ಮಂಡಪ ಅನ್ನುವ ಕಡೆ ಕ್ಯಾಂಪಿನಲ್ಲಿ ಕೂಡಿ ಹಾಕಿ, ದನಗಳಿಗೆ ಮಾಡಿದ ಹಾಗೆ ಬಾಯಿ ಬಿಡಿಸಿ ನೋಡಿ, ಸೂಜಿ ಚುಚ್ಚಿದರು. ತೋಟಕ್ಕೆ ಕೂಲಿಗೆ ಹೋಗುವ ಜನ ಸಾಲಾಗಿ ಕೂತಿದ್ದರು. ನಮ್ಮಣ್ಣನೂ ಇಲ್ಲೇ ಹೀಗೇ ಕೂತಿದ್ದನೇನೋ ಅಂತ ನನಗೆ ಅನ್ನಿಸಿತು. ಚಿಕ್ಕಪ್ಪನಿಗೆ ಹೇಳಿದೆ. ಸುಮ್ಕೆ ಹುರಿಹಿಟ್ಟು ತಿನ್ನು ಅಂದ.

ತೋಟ ಇದ್ದದ್ದು ಎತ್ತರದ ಮಲೆಯ ಮೇಲೆ. ಹೊಸಕೋಟೆಯ ಬಯಲಿನಿಂದ ಹೋದವನಿಗೆ ಆ ಹಸಿರು ಉಸಿರು ಕಟ್ಟಿಸುತ್ತದೆ. ಕಣ್ಣು ಎಲ್ಲಿ ಹಾಯಿಸಿದರೂ ಒಂದೇ ಗಿಡ, ಒಂದೇ ಎತ್ತರ, ಮೇಲೆ ಮಂಜು. ತೋಟದ ದೊರೆ ನಮ್ಮನ್ನು ನೋಡಲೂ ಇಲ್ಲ, ಒಳಗಿನಿಂದಲೇ ಒಂದು ಚೀಟಿಗೆ ರುಜು ಮಾಡಿ ಕಳಿಸಿದ. ಕೂಲಿಗಳ ಮೇಸ್ತ್ರಿಯನ್ನು ಅಲ್ಲಿ ಕಂಗಾಣಿ ಅನ್ನುತ್ತಾರೆ. ನಮಗೆ ಕಾಗದ ಬರೆದವನು ಅವನೇ. ಒಳ್ಳೆಯವನ ಹಾಗೇ ಕಂಡ, ಆದರೆ ನಮ್ಮ ಕಣ್ಣು ತಪ್ಪಿಸುತ್ತಿದ್ದ. ಕೂಲಿಗಳ ಸಾಲು ಮನೆಗಳನ್ನು ದಾಟಿ, ಇಳಿಜಾರಿನಲ್ಲಿ ನಡೆಸಿಕೊಂಡು ಹೋಗಿ, ದೂರದಿಂದಲೇ ಕೈ ತೋರಿಸಿ ನಿಂತುಬಿಟ್ಟ.

ಅಲ್ಲಿ ಗುಡ್ಡೆಗಳು ಬೇಕಾದಷ್ಟಿದ್ದವು. ಎಲ್ಲದರ ಮೇಲೂ ಹುಲ್ಲು ಬೆಳೆದಿತ್ತು, ಕೆಲವು ಮಳೆಗೆ ಕುಸಿದಿದ್ದವು. ಅಣ್ಣನದು ಒಂದು ಮಾತ್ರ ನಿನ್ನೆ ಮೊನ್ನೆ ಮಾಡಿದ ಹಾಗಿತ್ತು. ಸುತ್ತ ಕಲ್ಲು ಜೋಡಿಸಿ, ಮಣ್ಣು ಮೆತ್ತಿ, ತಲೆಯ ಕಡೆ ಒಂದು ಮಣ್ಣಿನ ಹಣತೆ. ಅದರ ಎಡಗಡೆಗೆ ಒತ್ತಿಕೊಂಡ ಹಾಗೆ ಇನ್ನೊಂದು ಗುಡ್ಡೆ ಇತ್ತು. ಮೊರದಷ್ಟು ಉದ್ದ. ಅದಕ್ಕೂ ಕಲ್ಲು ಜೋಡಿಸಿತ್ತು, ಅದಕ್ಕೂ ಹಣತೆ.

ಚಿಕ್ಕಪ್ಪ ಚಿಕ್ಕ ಗುಡ್ಡೆಯನ್ನು ನೋಡಿದ. ಕಂಗಾಣಿಯ ಕಡೆ ತಿರುಗಿದ. ಕಂಗಾಣಿ ಏನೂ ಹೇಳುವ ಮುಂಚೆ, ಟೀ ಗಿಡಗಳ ನಡುವಿನಿಂದ ಒಬ್ಬಳು ಹೆಂಗಸು ಇಳಿದು ಬಂದಳು. ಬೆನ್ನಿಗೆ ಸೊಪ್ಪು ಕೀಳುವ ಬುಟ್ಟಿ. ನನ್ನಷ್ಟೇ ವಯಸ್ಸಿರಬೇಕು. ಹಣೆ ಬರಿದು, ಕೊರಳು ಬರಿದು. ನನ್ನ ಮುಖವನ್ನೇ ನೋಡಿದಳು. ನನಗೂ ಅಣ್ಣನಿಗೂ ಮೂಗು ಹುಬ್ಬು ಒಂದೇ ಅಚ್ಚು.

"ಅವ್ವ ಚೆನ್ನಾಗವ್ರಾ?" ಅಂದಳು.

ಕನ್ನಡದಲ್ಲಿ. ಅದೂ ನಮ್ಮ ಅನುಗೊಂಡನಹಳ್ಳಿ ಕಡೆಯ ಎಳೆತದಲ್ಲಿ. ಆ ಮಂಜಿನಲ್ಲಿ, ಆ ಪರದೇಶದಲ್ಲಿ ನಮ್ಮವ್ವನನ್ನು ಅವ್ವ ಅನ್ನುವವಳು ಯಾರು? ಅವಳಿಗೆ ಕನ್ನಡದಲ್ಲಿ ಬರುತ್ತಿದ್ದದ್ದು ಇಂಥ ನಾಲ್ಕು ಮಾತು, ಅಷ್ಟೆ. ಮಿಕ್ಕದ್ದನ್ನು ಚಿಕ್ಕಪ್ಪನಿಗೆ ತಮಿಳಿನಲ್ಲಿ ಹೇಳಿದಳು. ನನಗೂ ಹರಕುಮುರುಕು ಅರ್ಥವಾಗುತ್ತಿತ್ತು. ತೋಟದ ಮಾರಿಯಮ್ಮನ ಗುಡಿಯ ಮುಂದೆ ಅಣ್ಣ ಅವಳಿಗೆ ತಾಳಿ ಕಟ್ಟಿದ್ದ. ಒಂದು ಹೆಣ್ಣುಕೂಸು ಆಗಿತ್ತು. ಅಣ್ಣ ಜ್ವರದಲ್ಲಿ ಹೋದ. ಅದೇ ಮಳೆಗಾಲ ಮುಗಿಯುವುದರೊಳಗೆ ಕೂಸಿಗೂ ಜ್ವರ ಬಂತು.

"ಒಂಟಿಯಾಗಿ ಹೆದರಿಕೊಳ್ಳುತ್ತೆ ಅಂತ ಅವರ ಪಕ್ಕಕ್ಕೇ ಹಾಕಿದೆ" ಅಂದಳು.

ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ಕಲ್ಲಿನ ಮೇಲೆ ಕೂತುಬಿಟ್ಟ. ಬಂದ ಕೆಲಸವನ್ನು ಅವಳಿಗೆ ಹೇಳುವುದಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು. ಅವರ ತಾಯಿ ಕಾಯ್ತಿದ್ದಾಳೆ, ಅವನನ್ನು ಕರ್ಕೊಂಡು ಹೋಗಬೇಕು, ನಮ್ಮ ಹೊಲದಲ್ಲಿ ಅವರಪ್ಪನ ಪಕ್ಕ ಮಲಗಿಸಬೇಕು ಅಂದ. ಎಕ್ಕದ ಗಿಡದ ಮಾತು ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ನಿನ್ನ ಗಂಡನಿಗೆ ಮದುವೆ ಆಗಿಲ್ಲ, ಮದುವೆ ಮಾಡೋಕೆ ಕರ್ಕೊಂಡು ಹೋಗ್ತಿದೀವಿ ಅನ್ನಬೇಕೆ?

ಅವಳು ಬುಟ್ಟಿ ಇಳಿಸಿದಳು. ಜಗಳ ಮಾಡುತ್ತಾಳೆ ಅಂತ ನಾನು ಅಂದುಕೊಂಡಿದ್ದೆ. ಮಾಡಬೇಕಾಗಿತ್ತು ಅಂತ ಈಗಲೂ ಅನ್ನಿಸುತ್ತದೆ. ಅವಳು ಆ ಎರಡು ಗುಡ್ಡೆಗಳನ್ನು ನೋಡಿ, "ತಾಯಿ ಕೇಳಿದರೆ ನಾನು ಯಾರು ಬೇಡ ಅನ್ನೋಕೆ? ಕರ್ಕೊಂಡು ಹೋಗಿ. ಆದರೆ ಇಬ್ಬರನ್ನೂ ಕರ್ಕೊಂಡು ಹೋಗಿ. ಅದನ್ನೊಂದನ್ನೇ ಬಿಡಬೇಡಿ" ಅಂದಳು.

ಕಂಗಾಣಿ ಕೊಟ್ಟಿದ್ದ ಸನಿಕೆಯನ್ನು ನಾನು ಎತ್ತಿಕೊಂಡೆ. ಮೊದಲು ಚಿಕ್ಕದನ್ನೇ ತೆಗೆಯೋಣ ಅಂತ ಹೆಜ್ಜೆ ಇಟ್ಟೆ. ಚಿಕ್ಕಪ್ಪ ಹಿಂದಿನಿಂದ ಬಂದು ಸನಿಕೆಯ ಕಾವು ಹಿಡಿದುಕೊಂಡ.

"ಬಿಡ್ಲಾ ಅದನ್ನ."

"ಯಾಕೆ? ಅಣ್ಣನ ಕೂಸು ಅದು."

"ತಗೊಂಡ್ಹೋಗಿ ಯಾರ ಹೊಟ್ಟೇದು ಅಂತ ಹೇಳ್ತೀಯಾ? ಯಾವ ಜಾತಿ ಅಂತ ಹೇಳ್ತೀಯಾ? ಇದು ಗೊತ್ತಾದ್ರೆ ಊರಿನೋರು ನಿಮ್ಮಣ್ಣನ್ನೂ ಹಿರೀಕರ ಪಕ್ಕ ಸೇರಿಸಲ್ಲ ಕಣ್ಲಾ. ಇಬ್ರನ್ನ ತಗೊಂಡ್ಹೋದ್ರೆ ಇಬ್ರೂ ಊರಾಚೆ. ನಿಮ್ಮವ್ವಂಗೆ ಏನು ಹೇಳೋದು?"

"ಅವ್ವಂಗೆ ನಿಜ ಹೇಳೋದು."

ಕೆನ್ನೆಗೆ ಬಿತ್ತು. ಆಗ ನನಗೆ ಮೀಸೆ ಬಂದಿತ್ತು, ತೋಟದ ಕೂಲಿಗಳು ನೋಡುತ್ತಿದ್ದರು. ನಾನೂ ಸನಿಕೆ ಬೀಸಬಹುದಾಗಿತ್ತು. ಆದರೆ ಹೊಡೆದ ಚಿಕ್ಕಪ್ಪನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅತ್ತ ದರಿ ಇತ್ತ ಪುಲಿ ಅನ್ನುವುದನ್ನು ಬಾಯಲ್ಲಿ ಎಷ್ಟೋ ಸಲ ಅಂದಿದ್ದೆ, ಒಬ್ಬ ಮನುಷ್ಯನ ಮುಖದಲ್ಲಿ ಅದನ್ನು ನೋಡಿದ್ದು ಅವತ್ತೇ. ಆ ಹೆಂಗಸಿಗೆ ಅವನು, ದೊರೆ ಕೊಟ್ಟ ಚೀಟಿಯಲ್ಲಿ ಒಬ್ಬನದೇ ಹೆಸರಿದೆ, ಇನ್ನೊಂದನ್ನು ಮುಟ್ಟಿದರೆ ಪೊಲೀಸಿನವರು ಹಿಡಿಯುತ್ತಾರೆ ಅಂದ. ತೋಟದ ಜನಕ್ಕೆ ದೊರೆಯ ಚೀಟಿ ಅಂದರೆ ಮುಗಿಯಿತು. ಅವಳು ತಲೆ ಆಡಿಸಿದಳು.

ಅಗೆದೆವು. ಮೇಲಿನ ಮಣ್ಣು ಕಪ್ಪು, ಕೆಳಗೆ ಹೋದ ಹಾಗೆ ಹಳದಿ ಜೇಡಿ, ಸನಿಕೆಗೆ ಅಂಟಿಕೊಂಡು ಬರುತ್ತಿತ್ತು. ಟೀ ಗಿಡದ ಬೇರು ಅಷ್ಟು ದೂರ ಬಂದಿತ್ತು, ಪಕ್ಕೆಲುಬುಗಳ ನಡುವೆ ನುಗ್ಗಿ ಬಲೆ ಹೆಣೆದಿತ್ತು. ಬೇರು ಬಿಡಿಸುವುದಕ್ಕೇ ಬಹಳ ಹೊತ್ತಾಯಿತು. ಮೂಳೆ ಬೆಳ್ಳಗಿರುತ್ತದೆ ಅಂತ ನಾನು ತಿಳಿದಿದ್ದೆ, ಅವು ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಎಡಗೈಯ ಮೂಳೆ ಒಂದು ಕಡೆ ಗಂಟಾಗಿ ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಹುಣಿಸೆ ಮರದಿಂದ ಬಿದ್ದು ಮುರಿದುಕೊಂಡಿದ್ದ, ಬಿದಿರ ಪಟ್ಟಿ ಇಟ್ಟು ಮೊಟ್ಟೆಯ ಬಿಳಿ ಹಚ್ಚಿ ಕಟ್ಟಿಸಿದ್ದರು. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ತಲೆಬುರುಡೆಯನ್ನು ಚಿಕ್ಕಪ್ಪ ನನಗೆ ಮುಟ್ಟಲು ಕೊಡಲಿಲ್ಲ. ತಾನೇ ತೆಗೆದು, ಹೆಗಲ ಮೇಲಿನ ಟವಲಿನಿಂದ ಮಣ್ಣು ಒರೆಸಿ, ತೊಡೆಯ ಮೇಲೆ ಇಟ್ಟುಕೊಂಡು ಕೂತ.

ಗುಂಡಿಯ ಎಡಗಡೆಯ ಗೋಡೆ ಕುಸಿಯುವ ಹಾಗೆ ಕಂಡಾಗ ಆ ಹೆಂಗಸು ಗುಂಡಿಗೆ ಇಳಿದು ಎರಡು ಕೈಯಿಂದ ಅದನ್ನು ಒತ್ತಿ ಹಿಡಿದಳು. ಆಚೆ ಕಡೆ ಕೂಸಿತ್ತು. ನಾವು ಕೆಲಸ ಮುಗಿಸುವವರೆಗೂ ಅವಳು ಹಾಗೇ ಹಿಡಿದು ನಿಂತಿದ್ದಳು.

ಮೂಳೆ ಹಾಕಿಕೊಳ್ಳಲು ಕಂಗಾಣಿ ಒಂದು ಟೀ ಪೆಟ್ಟಿಗೆ ತಂದುಕೊಟ್ಟ. ತೆಳು ಹಲಗೆಯದು, ಒಳಗೆ ಬೆಳ್ಳಿಯಂಥ ತಗಡಿನ ಕಾಗದ. ಅವ್ವ ಕೊಟ್ಟ ಬಿಳಿ ಬಟ್ಟೆ ಹಾಸಲು ಹೋದಾಗ ಆ ಹೆಂಗಸು, ಇರಿ ಅಂತ ಓಡಿ ಹೋಗಿ ಒಂದು ಕೆಂಪು ಸೀರೆ ತಂದಳು. ಬಣ್ಣ ಇಳಿದಿತ್ತು, ಎರಡು ಮೂರು ಕಡೆ ತೇಪೆ. ಮದುವೆಗೆ ಅವರು ತಂದದ್ದು, ನಾನಿನ್ನು ಉಡೋ ಹಾಗಿಲ್ಲ, ದಾರಿಯಲ್ಲಿ ಚಳಿ ಇರುತ್ತೆ ಅಂದಳು. ಮೂಳೆಗೆ ಎಂಥ ಚಳಿ ಅಂತ ಯಾರೂ ಅನ್ನಲಿಲ್ಲ. ಅದರಲ್ಲೇ ಸುತ್ತಿದೆವು. ಹೊರಡುವಾಗ ಹಿಂತಿರುಗಿ ನೋಡಿದೆ. ದೊಡ್ಡ ಗುಂಡಿ ಬಾಯಿ ತೆರೆದುಕೊಂಡಿತ್ತು. ಅವಳು ಚಿಕ್ಕ ಗುಡ್ಡೆಯ ಪಕ್ಕಕ್ಕೆ ಮಣ್ಣು ಎಳೆದೆಳೆದು ಆನಿಸುತ್ತಿದ್ದಳು.

ಬರುವ ದಾರಿಯಲ್ಲಿ ಚಿಕ್ಕಪ್ಪ ಒಂದೇ ಮಾತು ಹೇಳಿದ.

"ನಿಮ್ಮವ್ವ ಕೇಳಿದ್ದು ಏನು? ಅವನು ಒಳಗೆ ಕೂತು ಉಣ್ಬೇಕು ಅಂತ. ಅದೊಂದು ಆಗ್ಲಿ ಬಿಡು. ಮಿಕ್ಕಿದ್ದು ನನ್ನ ಪಾಪ."

ಧನುಷ್ಕೋಟಿಯಲ್ಲಿ ಹಡಗು ಇಳಿದಾಗ ಸುಂಕದವನು ಪೆಟ್ಟಿಗೆ ನೋಡಿ, ಎಷ್ಟು ಟೀ ಪುಡಿ ಅಂತ ಕೇಳಿದ. ಚಿಕ್ಕಪ್ಪ, "ನಮ್ಮ ಹುಡುಗ" ಅಂದ. ಅವನಿಗೆ ಅರ್ಥವಾಗದೆ ಮುಚ್ಚಳ ತೆಗೆಸಿದ, ನೋಡಿ ಮೂರು ಹೆಜ್ಜೆ ಹಿಂದೆ ಹೋದ. ಪೆಟ್ಟಿಗೆಯಿಂದ ಟೀ ವಾಸನೆ ಬರುತ್ತಿತ್ತು. ಆಮೇಲೆ ನಮ್ಮೂರಿಗೆ ಟೀ ಬಂತು, ಹೋಟೆಲುಗಳು ಬಂದವು. ನಾನು ಮಾತ್ರ ಕುಡಿಯುವುದಿಲ್ಲ. ಒತ್ತಾಯ ಮಾಡಿದವರಿಗೆ ಬೈದೂ ಇದ್ದೇನೆ.

ಸತ್ತವರನ್ನು ಊರೊಳಗೆ ತರುವ ಹಾಗಿಲ್ಲ ಅಂತ ಗಾಡಿಯನ್ನು ಊರು ಬಳಸಿ ನಮ್ಮ ಹೊಲಕ್ಕೇ ಹೊಡೆಸಿದರು. ಹೊಲದ ಮೂಲೆಯಲ್ಲಿ ಹೊಂಗೆ ಮರದ ಕೆಳಗೆ ತಾತ, ಅಜ್ಜಿ, ಅಪ್ಪ ಇದ್ದರು. ಅಪ್ಪನ ಪಕ್ಕ ಗುಂಡಿ ತೋಡಿಸಿತ್ತು. ಯಜಮಾನರು, ಸೋದರಮಾವ, ನೆಂಟರು ಎಲ್ಲ ಬದುವಿನ ಮೇಲೆ ಕೂತಿದ್ದರು. ಅಲ್ಲೇ ಬದುವಿನಲ್ಲಿ ಒಂದು ಬಿಳಿ ಎಕ್ಕದ ಗಿಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಸಿರು ಬಳೆ ತೊಡಿಸಿ, ರವಿಕೆ ಕಣ ಸುತ್ತಿ ಮದುವಣಗಿತ್ತಿ ಮಾಡಿದ್ದರು.

ಮದುವೆಗೆ ಮುಂಚೆ ಮೂಳೆಗಳನ್ನು ಹಾಲು, ಅರಿಶಿನದ ನೀರಿನಲ್ಲಿ ತೊಳೆಯಬೇಕು. ಅದು ಮನೆಯವರದೇ ಕೆಲಸ. ಪೆಟ್ಟಿಗೆಯನ್ನು ಬಾವಿಕಟ್ಟೆಯ ಮರೆಗೆ ಇಳಿಸಿದೆವು. ಅವ್ವ, ಚಿಕ್ಕಪ್ಪ, ನಾನು ಮೂವರೇ. ಅವ್ವ ಮುಚ್ಚಳ ತೆಗೆದಳು. ಮಗನ ಮುಖ ನೋಡುವುದು ಅವಳಿಗೆ ಉಳಿದಿರಲಿಲ್ಲ, ಕೈಗೆ ಮೊದಲು ಸಿಕ್ಕಿದ್ದು ಕೆಂಪು ಸೀರೆ. ಅದನ್ನು ಬಿಚ್ಚುತ್ತಾ ಬಿಚ್ಚುತ್ತಾ ಕೈ ನಿಂತಿತು.

"ಯಾರ ಸೀರೆ ಇದು?"

"ಸುತ್ತೋಕೆ ಅಂತ ಅಂಗಡೀಲಿ ತಗೊಂಡ್ವಿ ಅತ್ಗೆ" ಅಂದ ಚಿಕ್ಕಪ್ಪ.

"ಅಂಗಡಿಯೋರು ತೇಪೆ ಹಾಕಿ ಮಾರ್ತಾರಾ?"

ಚಿಕ್ಕಪ್ಪ ಬಾವಿಯೊಳಗೆ ನೋಡತೊಡಗಿದ. ಅವ್ವ ನನ್ನ ಕಡೆ ತಿರುಗಿದಳು. ಅವಳು ನನ್ನನ್ನು ನೋಡಿದ ಮೇಲೆ ನಾನು ಯಾವತ್ತೂ ಸುಳ್ಳು ಹೇಳಿದವನಲ್ಲ. ಹೇಳಿದರೂ ದಕ್ಕಿಸಿಕೊಂಡವನಲ್ಲ.

"ಅಣ್ಣನ ಹೆಂಡ್ತೀದು ಅವ್ವ" ಅಂದೆ. "ಗುಡಿ ಮುಂದೆ ತಾಳಿ ಕಟ್ಟಿದ್ನಂತೆ. ನೀನು ಚೆನ್ನಾಗಿದ್ದೀಯಾ ಅಂತ ಕೇಳಿದ್ಲು. ನಮ್ಮ ಮಾತಲ್ಲೇ ಕೇಳಿದ್ಲು."

ಅವ್ವನ ಮುಖದಲ್ಲಿ ಒಂದು ಗಳಿಗೆ ಬಂದು ಹೋದದ್ದು ಸಂತೋಷ. ಅದನ್ನು ನಾನು ಕಣ್ಣಾರೆ ಕಂಡೆ. ಇಷ್ಟು ವರ್ಷ ಒಂಟಿ ಅಂದುಕೊಂಡಿದ್ದ ಮಗ ಒಂಟಿಯಾಗಿರಲಿಲ್ಲ.

"ಮಕ್ಳು?" ಅಂದಳು.

"ಒಂದು ಹೆಣ್ಣು ಕೂಸು. ಅವನ ಹಿಂದೇನೇ ಅದೂ ಹೋಯ್ತಂತೆ. ಅವನ ಪಕ್ಕದಲ್ಲೇ ಹಾಕಿದ್ರು."

ಅವ್ವ ಪೆಟ್ಟಿಗೆಯೊಳಗೆ ಬಗ್ಗಿದಳು. ಸೀರೆಯನ್ನು ಮೆಲ್ಲಗೆ ಸರಿಸಿ, ದೊಡ್ಡ ಮೂಳೆಗಳನ್ನು ಒಂದು ಕಡೆಗೆ ಮಾಡಿ, ತಳದ ತಗಡಿನ ಕಾಗದದವರೆಗೂ ಕೈ ಹಾಕಿ ತಡಕಿದಳು. ಏನು ಹುಡುಕುತ್ತಿದ್ದಾಳೆ ಅಂತ ನನಗೆ ತಟ್ಟನೆ ಹೊಳೆಯಲಿಲ್ಲ.

"ಎಲ್ಲಿ?" ಅಂದಳು.

"ತರಲಿಲ್ಲ ಅವ್ವ."

ಚಿಕ್ಕಪ್ಪ ಬಾವಿಕಟ್ಟೆಯ ಮೇಲೆ ತಲೆ ಇಟ್ಟುಬಿಟ್ಟ. ಜಾತಿ, ಊರಿನವರು, ಹಿರೀಕರ ಜಾಗ ಅಂತ ಏನೇನೋ ಹೇಳಿದ, ಅರ್ಧ ಅಳು ಅರ್ಧ ಮಾತು. ಅವ್ವ ಅವನನ್ನು ಬೈಯಲಿಲ್ಲ. ಅವಳಿಗೂ ಊರು ಗೊತ್ತಿತ್ತು. ಬದುವಿನ ಮೇಲಿಂದ ಯಜಮಾನರು, ಹೊತ್ತಾಗ್ತಾ ಐತೆ ಅಂತ ಕೂಗಿದರು. ಅವ್ವ ಒಂದೊಂದೇ ಮೂಳೆಯನ್ನು ಹಾಲಿನಲ್ಲಿ ತೊಳೆದು, ಅರಿಶಿನ ಸವರಿ, ಅದೇ ಸೀರೆಯಲ್ಲಿ ಮತ್ತೆ ಸುತ್ತಿದಳು. ಮೇಲೆ ಬಿಳಿ ಬಟ್ಟೆ ಹೊದಿಸಿದಳು. ಕೆಂಪು ಒಂದಿಷ್ಟೂ ಹೊರಗೆ ಕಾಣದ ಹಾಗೆ ಅಂಚು ಮಡಿಸಿ ಕಟ್ಟಿದಳು.

ಮದುವೆ ಆಯಿತು. ಬಟ್ಟೆಯಿಂದ ಹೊರಗೆ ಉಳಿಸಿಕೊಂಡಿದ್ದ ಎಡಗೈಯ ಮೂಳೆಗೆ ಸೋದರಮಾವ ಅರಿಶಿನದ ದಾರ ಮುಟ್ಟಿಸಿ, ಗಿಡದ ಕಾಂಡಕ್ಕೆ ಮೂರು ಗಂಟು ಹಾಕಿದ. ಹೆಂಗಸರು ಅಕ್ಷತೆ ಹಾಕಿದರು. ಹಾಕುತ್ತಲೇ ಅತ್ತರು. ನಾನೂ ಅಕ್ಷತೆ ಹಾಕಿದೆ. ಹಾಕುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಗುಂಡಿಯ ಗೋಡೆಗೆ ಕೈ ಒತ್ತಿ ನಿಂತಿದ್ದ ಆ ಹೆಂಗಸು. ಆಮೇಲೆ ಬಳೆ ಒಡೆಯಬೇಕು, ಗಿಡ ಕಡಿಯಬೇಕು. ಸೋದರಮಾವ ಕುಡುಗೋಲು ಎತ್ತಿದ.

"ಕಡೀಬೇಡ" ಅಂದಳು ಅವ್ವ.

ಎಲ್ಲರೂ ತಿರುಗಿ ನೋಡಿದರು.

"ಕಡೀದಿದ್ರೆ ಶಾಸ್ತ್ರ ಮುಗಿಯಲ್ಲ ತಾಯಿ" ಅಂದರು ಯಜಮಾನರು.

"ಮುಗೀದಿದ್ರೆ ಬೇಡ. ಅವಳು ಬದುಕ್ಲಿ."

"ತಾಯಿ, ಗಿಡ ಅದು."

"ನಂಗೂ ಕಣ್ಣವೆ. ಬಳೇನೂ ಒಡೀಬೇಡಿ. ಅವಳನ್ನ ಹಂಗೇ ಬಿಟ್ಬಿಡಿ."

ಮಗನ ದುಃಖಕ್ಕೆ ಬುದ್ಧಿ ಸ್ಥಿಮಿತ ತಪ್ಪಿದೆ ಅಂತ ಹೆಂಗಸರು ಲೊಚಗುಟ್ಟಿದರು. ಯಜಮಾನರು ಸಿಟ್ಟಿನಿಂದ ಎದ್ದರು. ಆಗ ಚಿಕ್ಕಪ್ಪ ಹೋಗಿ ಸೋದರಮಾವನ ಕೈಯಿಂದ ಕುಡುಗೋಲು ಕಿತ್ತುಕೊಂಡ. ಅತ್ಗೆ ಹೇಳಿದಂಗೆ ಆಗ್ಲಿ, ಏನಾದ್ರೂ ಬಂದ್ರೆ ನನ್ ತಲೆ ಮೇಲೆ ಬರ್ಲಿ ಅಂದ. ಅವನ ಮುಖ ನೋಡಿ ಯಜಮಾನರು ಮತ್ತೆ ಬದುವಿನ ಮೇಲೆ ಕೂತರು. ಅಣ್ಣನನ್ನು ಅಪ್ಪನ ಪಕ್ಕ ಇಳಿಸಿ, ಸೊಟ್ಟ ಮೂಳೆಯನ್ನೂ ಜೊತೆಗಿಟ್ಟು ಮಣ್ಣು ಎಳೆದೆವು. ಬಾರುಕೋಲು ಎತ್ತಿದವನ ಪಕ್ಕಕ್ಕೇ ಅವನನ್ನು ಸಮುದ್ರ ದಾಟಿಸಿ ತಂದು ಮಲಗಿಸಿದ್ದು ನನಗೆ ಅವತ್ತು ಸರಿ ಕಾಣಲಿಲ್ಲ. ಈಗಲೂ ಕಾಣುವುದಿಲ್ಲ.

ಆ ಎಕ್ಕದ ಗಿಡ ಬಳೆ ತೊಟ್ಟುಕೊಂಡೇ ಬದುವಿನಲ್ಲಿ ಉಳಿಯಿತು. ಮೇಕೆಗಳು ಎಕ್ಕ ಮುಟ್ಟುವುದಿಲ್ಲ. ಅವ್ವ ಹೊಲಕ್ಕೆ ಹೋದಾಗಲೆಲ್ಲ ಅದರ ಬುಡಕ್ಕೆ ಒಂದು ಚೊಂಬು ನೀರು ಹಾಕುತ್ತಿದ್ದಳು. ನಾನು ಕಂಗಾಣಿಗೆ ಕಾಗದ ಬರೆಸಿ ಹಾಕಿದೆ, ಉತ್ತರ ಬರಲಿಲ್ಲ. ಆ ತೋಟದವರು ಜನವನ್ನು ಬೇರೆ ಬೇರೆ ಕಡೆ ಕಳಿಸಿಬಿಟ್ಟರು ಅಂತ ಯಾರೋ ಅಂದರು. ಇನ್ನೊಂದು ಸಲ ಹೋಗೋಕೆ ಆಗುತ್ತೇನಪ್ಪಾ ಅಂತ ಅವ್ವ ಒಮ್ಮೆ ಕೇಳಿದಳು. ಆ ದೇಶಕ್ಕೆ ಹೋಗಿ ಬರುವುದು ಆಮೇಲಾಮೇಲೆ ಇನ್ನೂ ಬಿಗಿಯಾಯಿತು. ನಾವು ಹೋಗಲಿಲ್ಲ.

ಆ ವರ್ಷದ ಪಕ್ಷದ ಹಬ್ಬ ಬಂತು. ನಡುಮನೆಯಲ್ಲಿ ಎಲೆಗಳು ಬಿದ್ದವು. ತಾತ, ಅಜ್ಜಿ, ಅಪ್ಪ. ಅಪ್ಪನ ಪಕ್ಕಕ್ಕೆ, ಮೊದಲನೆಯ ಸಲ, ಅಣ್ಣನ ಎಲೆ. ಅವ್ವ ಹುರುಳಿಕಾಳಿನ ಬಸ್ಸಾರು ಬಡಿಸಿ, ಮುದ್ದೆಯ ನಡುವೆ ಗುಳಿ ಮಾಡಿ ತುಪ್ಪ ಬಿಟ್ಟಳು. ಚಿಕ್ಕಪ್ಪ ಕಂಬಕ್ಕೆ ಒರಗಿ ನೋಡುತ್ತಿದ್ದ. ತೋಟದಿಂದ ಬಂದಮೇಲೆ ಅವನು ಹಾಗೆ ನೆಮ್ಮದಿಯಾಗಿ ನಿಂತದ್ದನ್ನು ನಾನು ಕಂಡಿರಲಿಲ್ಲ. ಅವನ ಲೆಕ್ಕದಲ್ಲಿ ಕೆಲಸ ಮುಗಿದಿತ್ತು. ಅತ್ತಿಗೆಗೆ ಕೊಟ್ಟ ಮಾತು ಉಳಿದಿತ್ತು.

ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಜಗುಲಿಗೆ ಬಂದೆವು. ಅವ್ವ ಬರಲಿಲ್ಲ. ನೋಡಿದರೆ ಹಿತ್ತಿಲ ಕಡೆ ಹೋಗುತ್ತಿದ್ದಾಳೆ. ಕೈಯಲ್ಲಿ ಒಂದು ಚಿಕ್ಕ ಮುತ್ತುಗದ ಎಲೆ. ಅದರ ಮೇಲೆ ನುಣ್ಣಗೆ ಕಿವುಚಿದ ಹಾಲು ಅನ್ನ, ಉಪ್ಪು ಖಾರ ಏನೂ ಇಲ್ಲ. ಕಲ್ಲುಬಾನಿಯ ಪಕ್ಕದಲ್ಲಿ, ಅದೇ ಹಳೆಯ ಜಾಗದಲ್ಲಿ, ನೆಲ ಸಾರಿಸಿ ಎಲೆ ಇಟ್ಟಳು.

ಚಿಕ್ಕಪ್ಪ ಹಿಂದೆಯೇ ಹೋದ.

"ಅವನು ಒಳಗೆ ಬಂದ್ನಲ್ಲ ಅತ್ಗೆ. ಇನ್ನು ಯಾರಿಗೆ ಇದು?"

ಅವ್ವ ತಲೆ ಎತ್ತಲಿಲ್ಲ.

"ಇಷ್ಟು ದಿನ ಅದಕ್ಕೆ ಅಪ್ಪ ಪಕ್ಕದಲ್ಲಿದ್ದ ಕಣಪ್ಪಾ. ಈಗ ಅದೇ ಒಂಟಿ."

ಚಿಕ್ಕಪ್ಪ ಬಾನಿಯ ಪಕ್ಕದಲ್ಲಿ, ಆ ಎಲೆಯ ಎದುರಿಗೆ, ನೆಲದ ಮೇಲೆ ಕೂತ. ಒಳಗೆ ಎಡೆ ತೆಗೆದು ಎಲ್ಲರದೂ ಊಟವಾಯಿತು. ಅವನು ಊಟಕ್ಕೆ ಏಳಲಿಲ್ಲ. ಅವ್ವ ಕರೆಯಲೂ ಇಲ್ಲ.